ಮೆಂಬರ್ ಅಕ್ಕನ ಜೊತೆ ಒಂದು ವರ್ಷ: ಪ್ರೌಢಶಾಲೆ ಮಕ್ಕಳಿಗೂ ಪಂಚಾಯ್ತಿಯವರಿಗೂ ಜೋಡಿ ಹಾಕುವುದು ಹೇಗೆ

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಸ್ಥಳೀಯ ಸರ್ಕಾರದ ಪಾಠ ಬಂದಾಗ ಮಕ್ಕಳು ಗ್ರಾಮ, ತಾಲೂಕು, ಜಿಲ್ಲೆ ಅಂತ ಮೂರು ಹಂತವನ್ನೂ ಪಟಪಟ ಹೇಳುತ್ತಾರೆ. ಪಂಚಾಯ್ತಿಗಳ ಬಗೆಗಿನ ಸಂವಿಧಾನದ 73ನೇ ತಿದ್ದುಪಡಿ, ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಎರಡೂ ಬಾಯಿಪಾಠ. ಆದರೆ ಊರ ಪಂಚಾಯ್ತಿ ಆಫೀಸಿನ ಒಳಗೆ ಯಾರು ಯಾರು ಹೋಗಿದ್ದೀರಿ ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ರೇಷನ್ ಕಾರ್ಡಿಗೋ ಮನೆ ಉತಾರಕ್ಕೋ ಅಪ್ಪನ ಜೊತೆ ಹೋಗಿ ಬಾಗಿಲಲ್ಲಿ ನಿಂತು ಬಂದವರು ಒಬ್ಬಿಬ್ಬರು ಇರಬಹುದು, ಅಷ್ಟೇ.

ಇದಕ್ಕಾಗಿಯೇ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಊರಿನ ಕೆಲಸ ನೋಡಿಕೊಳ್ಳುವ ಹಿರಿಯರ ಜೊತೆ ಒಂದು ಶಾಲಾ ವರ್ಷ ಜೋಡಿ ಮಾಡುತ್ತೇವೆ. ಅಕ್ಕಪಕ್ಕದ ಶಾಲೆಯ ಶಿಕ್ಷಕರು ಇದನ್ನು ಹೇಗೆ ಮಾಡುತ್ತೀರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ, ಮತ್ತು ಇಂಥ ಜೋಡಿಗೆ ಒಪ್ಪಿಕೊಳ್ಳಲು ಮನಸ್ಸಿರುವ ಪಂಚಾಯ್ತಿ ಸದಸ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿರಿಯರನ್ನು ಶಾಲೆಗೆ ಕರೆಸಿ, ಶಾಲು ಹೊದಿಸಿ, "ಚೆನ್ನಾಗಿ ಓದಿ ಊರಿಗೆ ಹೆಸರು ತನ್ನಿ" ಅಂತ ಭಾಷಣ ಮಾಡಿಸಿದರೆ ಕೆಲಸ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಆ ಭಾಷಣ ಮಕ್ಕಳಿಗೆ ಮರುದಿನವೇ ಮರೆತುಹೋಗುತ್ತದೆ. ಊರಿನ ಒಂದು ಕೆಲಸ ಎಲ್ಲಿ ಶುರುವಾಗುತ್ತದೆ, ಯಾರ ಸಹಿ ಬೇಕು, ಯಾವ ಟೇಬಲ್ ಮೇಲೆ ನಿಂತುಬಿಡುತ್ತದೆ, ಇದನ್ನು ಮಗು ಪಕ್ಕದಲ್ಲೇ ನಿಂತು ನೋಡಬೇಕು. ನಿಂತುಹೋದ ಕೆಲಸವನ್ನೂ ಮುಚ್ಚಿಡದೆ ತೋರಿಸುವ ಹಿರಿಯರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆಯೇ.

ಯಾರನ್ನು ಕೇಳಬೇಕು

ಮೊದಲ ಹೆಸರಾಗಿ ಅಧ್ಯಕ್ಷರನ್ನು ಬರೆದುಕೊಳ್ಳಬೇಡಿ. ಅವರಿಗೆ ಪುರುಸೊತ್ತು ಕಡಿಮೆ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯರು ಇರುತ್ತಾರೆ. ಅಂದರೆ ಪ್ರತಿ ಓಣಿಯ ಹತ್ತಿರದಲ್ಲೂ ಒಬ್ಬರು ಮೆಂಬರ್ ಇದ್ದೇ ಇರುತ್ತಾರೆ. ಅವರಿಂದ ಶುರು ಮಾಡಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಬಿಲ್ ಕಲೆಕ್ಟರ್, ನೀರು ಬಿಡುವವರು, ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗ್ರಂಥಪಾಲಕರು, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಮುಖಂಡರು, ಹಾಲಿನ ಡೇರಿ ಕಾರ್ಯದರ್ಶಿ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಎಲ್ಲರೂ ಆಗಬಹುದು. ನೀರು ಬಿಡುವವರನ್ನು ಬಿಡಲೇಬೇಡಿ. ಊರಿನ ಯಾವ ವಾಲ್ವ್ ಯಾವ ಓಣಿಗೆ ಅಂತ ಅವರಿಗೆ ಗೊತ್ತಿರುವಷ್ಟು ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಾಯ್ತಿ ಸೀಟುಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆದರೆ ನೀವು ಮೆಂಬರನ್ನು ಕೇಳಲು ಮನೆಗೆ ಹೋದರೆ ಕುರ್ಚಿ ಎಳೆದು ಕೂರುವುದು ಅವರ ಗಂಡ. "ನನಗ ಹೇಳ್ರೀ ಟೀಚರ್, ನಾನ ಬರ್ತೀನಿ" ಅನ್ನುತ್ತಾರೆ. ಅಲ್ಲಿ ಸಂಕೋಚ ಬೇಡ. "ಅಣ್ಣಾರ, ನಮ್ಮ ಹುಡುಗಿಯರಿಗೆ ಮೆಂಬರ್ ಅಕ್ಕನೇ ಬೇಕ್ರೀ, ಸಾಲಿಯವರ ಆಸೆ ಅದು" ಅಂತ ನಗುನಗುತ್ತಾ, ಆದರೆ ಗಟ್ಟಿಯಾಗಿ ಹೇಳಿ. ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತಿರುತ್ತಾರೆ. ನಮ್ಮಲ್ಲಿ ಚೆನ್ನಾಗಿ ನಡೆದ ಜೋಡಿಗಳಲ್ಲಿ ಹೆಚ್ಚಿನವು ಇಂಥ ಅಕ್ಕಂದಿರದ್ದು. ಶಾಲೆಯ ಹುಡುಗಿ ಪಕ್ಕದಲ್ಲಿ ಇದ್ದಾಳೆ ಅನ್ನುವ ಕಾರಣಕ್ಕೇ ಸಭೆಗೆ ತಾವೇ ಬರಲು ಶುರು ಮಾಡಿದ ಮೆಂಬರ್ ಅಕ್ಕನನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚುನಾವಣೆ ಹತ್ತಿರ ಇದ್ದರೆ ಸದಸ್ಯರನ್ನು ಕೇಳಬೇಡಿ. ಮಕ್ಕಳ ಫೋಟೊ ಪ್ರಚಾರದ ಬ್ಯಾನರಿಗೆ ಹೋಗುತ್ತದೆ. ಪಂಚಾಯ್ತಿ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೆ ಆ ವರ್ಷ ಪಂಚಾಯ್ತಿ ಸಿಬ್ಬಂದಿ, ಸಂಘದವರು, ಆಶಾ, ಗ್ರಂಥಪಾಲಕರು, ಇಷ್ಟೇ ಜನರನ್ನು ಇಟ್ಟುಕೊಂಡು ನಡೆಸಿ. ಜೋಡಿ ನಿಲ್ಲಿಸುವ ಅಗತ್ಯ ಇಲ್ಲ.

ಒಪ್ಪಿಗೆ ಕೇಳುವಾಗ ಒಂದು ಪ್ರಶ್ನೆ ಖಡಾಖಂಡಿತ ಕೇಳಿ: ಜುಲೈಯಿಂದ ಫೆಬ್ರವರಿವರೆಗೆ ತಿಂಗಳಿಗೆ ಎರಡು ಸಲ, ಒಂದೊಂದು ಗಂಟೆ ಕೊಡಲು ಆಗುತ್ತದಾ? "ನೋಡೋಣ್ರೀ" ಅಂದವರನ್ನು ಮುಂದಿನ ವರ್ಷಕ್ಕೆ ಇಡಿ. ಇದರಲ್ಲಿ ನಾನು ಹಠ ಹಿಡಿಯುತ್ತೇನೆ, ಅದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎನ್ನುವ ಸಂಸ್ಥೆ ಮಕ್ಕಳಿಗೂ ಹಿರಿಯರಿಗೂ ಇಂಥ ಜೋಡಿ ಮಾಡುತ್ತಾ ಬಂದಿದೆ. ಆ ಜೋಡಿಗಳ ಮೇಲೆ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷ ತುಂಬಿದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಒಳ್ಳೆಯದಾಗಿತ್ತು. ಬಹಳ ಬೇಗ ಮುರಿದ ಜೋಡಿಗಳಲ್ಲಿ ಮಕ್ಕಳು ಮೊದಲಿಗಿಂತ ಕುಗ್ಗಿದ್ದರು. ಕೈಹಿಡಿದು ನಡುದಾರಿಯಲ್ಲಿ ಬಿಡುವುದಕ್ಕಿಂತ ಕೈ ಹಿಡಿಯದಿರುವುದೇ ಮೇಲು, ಅಲ್ವಾ?

ಒಪ್ಪಿಗೆ ಪತ್ರ ಮತ್ತು ಮಕ್ಕಳ ಸುರಕ್ಷೆ

ಮುಖ್ಯಗುರುಗಳ ಒಪ್ಪಿಗೆ, ಎಸ್‌ಡಿಎಂಸಿ ಸಭೆಯಲ್ಲಿ ಒಂದು ಠರಾವು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ, ಪಿಡಿಒಗೆ ಒಂದು ಪತ್ರ. ಇಷ್ಟನ್ನು ಜೂನ್‌ನಲ್ಲೇ ಮುಗಿಸಿ. ಪಾಲಕರ ಸಹಿ ಅಥವಾ ಹೆಬ್ಬೆಟ್ಟು ಇರುವ ಒಪ್ಪಿಗೆ ಪತ್ರ ಬೇಕೇ ಬೇಕು. ಪತ್ರವನ್ನು ಮಗುವಿನ ಕೈಲಿ ಕಳಿಸಬೇಡಿ. ಪಾಲಕರ ಸಭೆಯಲ್ಲಿ ಓದಿ ಹೇಳಿ, ಅಲ್ಲೇ ತೆಗೆದುಕೊಳ್ಳಿ.

ಇನ್ನು ಮುಂದಿನದು ಸಡಿಲ ಬಿಡುವ ಮಾತೇ ಅಲ್ಲ. ಒಬ್ಬ ಹಿರಿಯರಿಗೆ ಒಂದು ಮಗು ಬೇಡ, ಇಬ್ಬರು ಇರಲಿ. ಹುಡುಗಿಯರಿಗೆ ಮಹಿಳೆಯರೇ ಜೋಡಿ. ಭೇಟಿ ಶಾಲೆಯಲ್ಲಿ, ಪಂಚಾಯ್ತಿ ಆಫೀಸಿನಲ್ಲಿ, ಅರಿವು ಕೇಂದ್ರದಲ್ಲಿ, ಇಲ್ಲವೇ ಹಗಲಲ್ಲಿ ಓಣಿಯಲ್ಲಿ ನಡೆಯುತ್ತಾ. ಯಾರ ಮನೆಯಲ್ಲೂ ಬೇಡ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ. ಫೋನ್ ಮಾಡುವುದಿದ್ದರೆ ಪಾಲಕರ ನಂಬರಿಗೆ, ಇಲ್ಲವೇ ನಮ್ಮ ನಂಬರಿಗೆ. ಮಗುವಿಗೆ ಒಬ್ಬರೇ ಮೆಸೇಜ್ ಕಳಿಸುವಂತಿಲ್ಲ. ಮಗುವಿನ ಫೋಟೊವನ್ನು ಸ್ಟೇಟಸ್‌ಗೆ ಹಾಕುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಏನು ಹೇಳುತ್ತದೆ ಅಂತ ಹಿರಿಯರ ಮುಂದೆಯೂ ಮಕ್ಕಳ ಮುಂದೆಯೂ ಬೇರೆ ಬೇರೆಯಾಗಿ ಹೇಳಿ. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಮಕ್ಕಳ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿ. ಈ ಮಾತು ಕೇಳಿ ಮುಖ ಸಿಂಡರಿಸುವ ಹಿರಿಯರಿದ್ದರೆ ಅವರನ್ನು ಅಲ್ಲೇ ಕೈಬಿಡಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಜೋಡಿ ಹಾಕುವಾಗ ಓಣಿ ದಾಟಿಸಿ. ಕೇರಿಯ ಹುಡುಗನಿಗೆ ಕೇರಿಯ ಮೆಂಬರ್, ಗೌಡರ ಓಣಿಯವನಿಗೆ ಗೌಡರ ಓಣಿಯವರು ಅಂತ ಮಾಡಿದರೆ ಊರು ಇದ್ದ ಹಾಗೇ ಇರುತ್ತದೆ. ಆದರೆ ದಾಟಿಸುವ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಆ ಹಿರಿಯರ ಎದುರು ಮಗು ಕುರ್ಚಿಯ ಮೇಲೆ ಕೂರುತ್ತದಾ? ಅದೇ ಲೋಟದಲ್ಲಿ ಚಹಾ ಸಿಗುತ್ತದಾ? ಅನುಮಾನ ಇದ್ದರೆ ಆ ಜೋಡಿ ಹಾಕಬೇಡಿ. ಹಿರಿಯರನ್ನು ತಿದ್ದುವ ಭಾರ ಹದಿನಾಲ್ಕರ ಮಗುವಿನ ಮೇಲೆ ಬೀಳಬಾರದು.

ಮೊದಲ ಭೇಟಿ

ಮೊದಲ ದಿನ ಶಾಲೆಯಲ್ಲೇ ಇರಲಿ, ನೀವೂ ಅಲ್ಲೇ ಇರಿ. "ದೊಡ್ಡವನಾದ ಮೇಲೆ ಏನಾಗ್ತೀಯಪಾ?" ಅಂತ ಹಿರಿಯರು ಕೇಳಿಯೇ ಕೇಳುತ್ತಾರೆ. ಮಗು ಪೊಲೀಸ್ ಅನ್ನುತ್ತದೆ, ಇಲ್ಲಾ ಟೀಚರ್ ಅನ್ನುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ಹಿರಿಯರೇ ಮೊದಲು ಹೇಳಲಿ. ಚುನಾವಣೆಗೆ ನಿಲ್ಲು ಅಂದವರು ಯಾರು, ಮೊದಲ ಸಭೆಯಲ್ಲಿ ಬಾಯಿ ಬಿಟ್ಟರಾ ಇಲ್ಲವಾ, ತಮ್ಮ ವಾರ್ಡಿನಲ್ಲಿ ಇನ್ನೂ ಆಗದೇ ಉಳಿದ ಕೆಲಸ ಯಾವುದು. ಈ ಮೂರನ್ನು ಹೇಳುವಷ್ಟರಲ್ಲಿ ಮಕ್ಕಳ ಮುಖ ಬದಲಾಗುತ್ತದೆ.

ಅಲ್ಲಿಂದ ನೇರ ನೀರಿನ ಟ್ಯಾಂಕಿಗೆ ಹೊರಡಿ. ಟ್ಯಾಂಕಿನಿಂದ ಹಿಡಿದು ಓಣಿಯ ಕೊನೆಯ ಮನೆಯ ನಲ್ಲಿಯವರೆಗೆ ನಡೆಯಬೇಕು. ನಮ್ಮ ಕಡೆ ನೀರಿಗಿಂತ ದೊಡ್ಡ ಪಾಠ ಇಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಇದ್ದರೆ ಸರಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟಿ ನಮ್ಮ ಕ್ಲಾಸಿನಲ್ಲೇ ಕಾಣಿಸುತ್ತದೆ. "ನಮ್ಮ ಬೋರಿನ ನೀರು ಟೆಸ್ಟ್ ಮಾಡಿಸಿದ್ದು ಯಾವಾಗ? ರಿಪೋರ್ಟ್ ಎಲ್ಲಿದೆ?" ಮಗು ಹಿರಿಯರಿಗೆ ಕೇಳುವ ಮೊದಲ ಪ್ರಶ್ನೆ ಇದೇ ಆಗಲಿ. ರಿಪೋರ್ಟ್ ಸಿಕ್ಕರೆ ಇಬ್ಬರೂ ಕೂತು ಓದಲಿ. ಸಿಗದಿದ್ದರೆ ಅದನ್ನು ತರಿಸುವುದೇ ಆ ಜೋಡಿಯ ಮೊದಲ ಕೆಲಸ. ನೀರು ಪರೀಕ್ಷೆ ಮಾಡುವ ಫೀಲ್ಡ್ ಕಿಟ್ ಪಂಚಾಯ್ತಿಯಲ್ಲಿ ಇದ್ದರೆ, ಅದನ್ನು ಬಳಸುವುದು ಕಲಿತ ಮಹಿಳೆಯರು ಊರಲ್ಲಿ ಇದ್ದರೆ, ಅವರನ್ನೂ ಕರೆದುಕೊಳ್ಳಿ. ನೀರಿನ ಬಣ್ಣ ಬದಲಾಗುವುದನ್ನು ಕಂಡ ಮಗು ಅದನ್ನು ಮನೆಗೆ ಹೋಗಿ ಹೇಳದೆ ಇರುವುದಿಲ್ಲ.

ಯಾರ ಕೆಲಸ, ಯಾವ ಕಾಗದ

ಎರಡನೇ ಮೂರನೇ ಭೇಟಿಗೆ ಒಂದು ನೋಟ್‌ಬುಕ್ ಬೇಕು. ಎಡಪುಟದಲ್ಲಿ ಓಣಿಯಲ್ಲಿ ಕಂಡ ತೊಂದರೆ. ಬಲಪುಟದಲ್ಲಿ ಅದು ಯಾರ ಕೆಲಸ. ಬಲಪುಟ ತುಂಬುವುದು ಕಷ್ಟ, ಕಲಿಯುವುದೆಲ್ಲಾ ಅಲ್ಲೇ ಇದೆ. ಚರಂಡಿ, ಬೀದಿದೀಪದ ಬಲ್ಬು, ಕುಡಿಯುವ ನೀರು ಪಂಚಾಯ್ತಿಯದು. ಕರೆಂಟ್ ಕಂಬ ವಾಲಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂ. ಬಸ್ ನಿಲ್ಲಿಸದೆ ಹೋದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೊ. ರಾಜ್ಯ ಹೆದ್ದಾರಿಯ ಗುಂಡಿ ಲೋಕೋಪಯೋಗಿ ಇಲಾಖೆ. ಹೊಲದ ಪಹಣಿಯ ತಪ್ಪು ಕಂದಾಯ ಇಲಾಖೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಆಗ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಡ್ಯಾಮ್ ಮುನಿರಾಬಾದಿನ ಪಕ್ಕದಲ್ಲೇ ಇದೆ, ಹಾಗಾದರೆ ಅದು ನಮ್ಮ ಜಿಲ್ಲೆಯವರ ಕೈಯಲ್ಲಿದೆಯಾ? ಇಲ್ಲ. ಡ್ಯಾಮನ್ನು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಅದರಲ್ಲಿ ಕೇಂದ್ರದವರಿದ್ದಾರೆ, ಪಕ್ಕದ ರಾಜ್ಯದವರೂ ಇದ್ದಾರೆ. ಇಷ್ಟನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ, ತೊಂದರೆ ಪಕ್ಕದಲ್ಲೇ ಇದ್ದರೂ ಅದರ ಬಾಗಿಲು ಬೇರೆ ಊರಲ್ಲಿ ಇರಬಹುದು ಅಂತ ತಿಳಿಯುತ್ತದೆ. ಹಾಗೆಯೇ ಕೊಪ್ಪಳದ ಹಿರೇಹಳ್ಳದ ವಿಷಯ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಆ ಹಳ್ಳ ಸ್ವಚ್ಛ ಮಾಡಿಸಿದರು, ಜನ ಕೈಜೋಡಿಸಿದರು. ಕುರ್ಚಿ ಇಲ್ಲದವರೂ ಊರ ಕೆಲಸಕ್ಕೆ ಮುಂದಾಗಬಹುದು ಅನ್ನುವುದಕ್ಕೆ ನಮ್ಮ ಮಕ್ಕಳಿಗೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಈಗ ಕಾಗದದ ಮಾತು. ಹಿಂದಿನ ಗ್ರಾಮಸಭೆಯ ನಡಾವಳಿ ಪುಸ್ತಕವನ್ನು, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಡುವ ಪುಸ್ತಕವನ್ನು, ಹಿರಿಯರು ಮಗುವಿಗೆ ತೋರಿಸಬೇಕು. ಕ್ರಿಯಾಯೋಜನೆಯಲ್ಲಿ ತಮ್ಮ ವಾರ್ಡಿನ ಸಾಲನ್ನು ಬೆರಳಿಟ್ಟು ಹುಡುಕಬೇಕು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪಂಚಾಯ್ತಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕವನ್ನು ಎಲ್ಲರೆದುರು ಓದಿ, ಆದ ಕೆಲಸವನ್ನು ಜಾಗಕ್ಕೇ ಹೋಗಿ ನೋಡುವ ದಿನ ಅದು. ಮಕ್ಕಳನ್ನು ಅವತ್ತು ತಪ್ಪದೆ ಕರೆದುಕೊಂಡು ಹೋಗಿ. ಕಾಗದದಲ್ಲಿ ಇಷ್ಟು ಮೀಟರ್ ಸಿಸಿ ರಸ್ತೆ ಅಂತ ಇದ್ದರೆ ಟೇಪ್ ಹಿಡಿದು ಅಳೆಯಲಿ. ಮಕ್ಕಳಿಗೆ ಅಳೆಯುವುದು ಗಣಿತ. ದೊಡ್ಡವರಿಗೆ ಅದು ಬೇರೆಯದೇ ಪಾಠ.

ನಮ್ಮಲ್ಲಿ ಆದ ಒಂದು ಸಂಗತಿ ಹೇಳುತ್ತೇನೆ. ಬಸ್‌ಸ್ಟಾಪಿನಿಂದ ಒಂದು ಓಣಿಗೆ ಹೋಗುವ ದಾರಿಯಲ್ಲಿ ಬೀದಿದೀಪ ಉರಿಯುತ್ತಿರಲಿಲ್ಲ. ಟ್ಯೂಷನ್ ಮುಗಿಸಿ ಸಂಜೆ ಬರುವ ಹುಡುಗಿಯರು ಓಡಿಕೊಂಡೇ ಮನೆ ಸೇರುತ್ತಿದ್ದರು. ಜೋಡಿಯ ಹುಡುಗಿ ತನ್ನ ಮೆಂಬರ್ ಅಕ್ಕನಿಗೆ ಇದನ್ನು ಹೇಳಿದಳು. "ನಾ ಎಷ್ಟ ಸಲ ಹೇಳೀನಿ ತಂಗಿ, ಯಾರೂ ಕೇಳವಲ್ರು" ಅಂದರು ಅಕ್ಕ. ಹುಡುಗಿ ನೋಟ್‌ಬುಕ್ ತೆಗೆದು ಕೇಳಿದಳು: "ಅರ್ಜಿ ಬರದೀರೇನ್ ಯಕ್ಕಾ? ಯಾವ ತಾರೀಖ್ ಹಾಕ್ಲಿ?" ಅರ್ಜಿ ಬರೆದಿರಲಿಲ್ಲ. ಸಭೆಯಲ್ಲಿ ಬಾಯಿಮಾತಲ್ಲಿ ಹೇಳಿದ್ದು ಗದ್ದಲದಲ್ಲಿ ಹೋಗಿತ್ತು, ನಡಾವಳಿಗೆ ಏರಿರಲಿಲ್ಲ. ಅವತ್ತು ಇಬ್ಬರೂ ಅರಿವು ಕೇಂದ್ರದಲ್ಲಿ ಕೂತರು. ಅಕ್ಕ ಹೇಳುತ್ತಾ ಹೋದರು, ಹುಡುಗಿ ಬರೆಯುತ್ತಾ ಹೋದಳು. ಕಂಬ ಎಲ್ಲಿದೆ, ಎಷ್ಟು ಕಂಬ, ಯಾವತ್ತಿನಿಂದ ಕತ್ತಲು, ಎಲ್ಲಾ. ಕೊನೆಗೆ ಅಕ್ಕ ಸಹಿ ಹಾಕಿದರು. ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡರು. ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ನಡಾವಳಿಗೆ ಬಂತು. ಆಮೇಲೆ ಬಲ್ಬು ಬಂತು. ಅಂದಿನಿಂದ ಆ ಅಕ್ಕ ಯಾವುದನ್ನೂ ಬಾಯಿಮಾತಲ್ಲಿ ಬಿಡುವುದಿಲ್ಲ.

ಆಗದೇ ಉಳಿದ ಕೆಲಸವೂ ಇದೆ. ಇನ್ನೊಂದು ಜೋಡಿ ಚರಂಡಿಯ ಹಿಂದೆ ಬಿದ್ದಿತ್ತು. ಹಣ ಇತ್ತು, ಠರಾವೂ ಆಗಿತ್ತು. ಆದರೆ ಚರಂಡಿ ಹೋಗುವ ಜಾಗ ತಮ್ಮದು ಅಂತ ಇಬ್ಬರು ತಕರಾರು ಹಾಕಿದ್ದರು. ಆ ಹಿರಿಯರು ಹುಡುಗನಿಗೆ ನಕ್ಷೆ ತೋರಿಸಿ, ಮಾತಾಡಿಸಲು ಹೋದಾಗಲೂ ಕರೆದುಕೊಂಡು ಹೋದರು. ಚರಂಡಿ ಆ ವರ್ಷ ಆಗಲಿಲ್ಲ. "ಕಾಕಾ ಸುಮ್ನ ಕುಂತಿಲ್ರೀ ಟೀಚರ್, ಜಾಗದ ಜಗಳ ಐತಿ" ಅಂತ ಆ ಹುಡುಗ ಬಂದು ಹೇಳಿದಾಗ ನನಗೆ ತುಂಬಾ ಸಂತೋಷವಾಯಿತು. ಎಲ್ಲಾ ರಾಜಕಾರಣಿಗಳೂ ಕಳ್ಳರು ಅಂತ ಒಂದೇ ಮಾತಲ್ಲಿ ಹೇಳಿಬಿಡುವುದು ಸುಲಭ. ಅಡ್ಡಿ ಎಲ್ಲಿದೆ ಅಂತ ನೋಡಿ ಹೇಳುವುದು ಕಷ್ಟ. ಆ ಹುಡುಗ ಕಷ್ಟದ್ದನ್ನು ಕಲಿತಿದ್ದ.

ನೇರವಾಗಿ ಕೇಳಿದರೆ ಸಿಗದ ಕಾಗದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಅಂತ ಮಕ್ಕಳಿಗೆ ಹೇಳಿಕೊಡಿ. ಅರ್ಜಿಯನ್ನು ಮಗುವಿನ ಹೆಸರಲ್ಲಿ ಹಾಕಿಸಬೇಡಿ. ಊರಿನ ಜಗಳದಲ್ಲಿ ಮಗುವಿನ ಹೆಸರು ಸಿಕ್ಕಿಕೊಳ್ಳಬಾರದು.

ಮಕ್ಕಳ ಗ್ರಾಮಸಭೆ

ಪ್ರತಿ ಗ್ರಾಮ ಪಂಚಾಯ್ತಿಯೂ ವರ್ಷಕ್ಕೊಂದು ಮಕ್ಕಳ ಗ್ರಾಮಸಭೆ ನಡೆಸಬೇಕು. ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನಂತರದ ದಿನಗಳಲ್ಲಿ ನಡೆಯುತ್ತದೆ. ತಾರೀಖು ಯಾವಾಗ ಅಂತ ಪಿಡಿಒ ಅವರನ್ನು ಅಕ್ಟೋಬರಿನಲ್ಲೇ ಕೇಳಿ. ಕೆಲವು ಕಡೆ ಇದು ಡ್ಯಾನ್ಸು, ಭಾಷಣ, ಬಿಸ್ಕೆಟ್‌ನಲ್ಲಿ ಮುಗಿದುಹೋಗುತ್ತದೆ. ಶಿಕ್ಷಕರೇ ಬರೆದುಕೊಟ್ಟ ಬೇಡಿಕೆ ಪಟ್ಟಿಯನ್ನು ಮಗು ಓದುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ದಯವಿಟ್ಟು ಹಾಗೆ ಬರೆದುಕೊಡಬೇಡಿ. ಜೋಡಿ ಇರುವ ಮಕ್ಕಳ ಹತ್ತಿರ ಅಷ್ಟೊತ್ತಿಗೆ ನೋಟ್‌ಬುಕ್ ತುಂಬಿರುತ್ತದೆ. "ಶೌಚಾಲಯಕ್ಕೆ ನೀರು ಕೊಡಿ" ಅನ್ನುವ ಬದಲು "ಹುಡುಗಿಯರ ಶೌಚಾಲಯದ ಮೋಟಾರು ಇಂಥ ತಾರೀಖಿನಿಂದ ಸುಟ್ಟಿದೆ, ಇಂಥ ದಿನ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ" ಅಂತ ನಿಂತು ಹೇಳಿದರೆ ವೇದಿಕೆ ಮೇಲಿದ್ದವರು ಪಕ್ಕದವರ ಮುಖ ನೋಡುತ್ತಾರೆ. ಜೋಡಿಯ ಹಿರಿಯರು ಆ ಪ್ರಶ್ನೆಯನ್ನು ಮೊದಲೇ ಬಲ್ಲವರು. ಉತ್ತರ ಕೊಡುವವರ ಸಾಲಿನಲ್ಲಿ ಕೂತವರೂ ಅವರೇ. ಇದು ಅವರಿಗೆ ಇರುಸುಮುರುಸು ಆಗಬಹುದು. ಜೋಡಿಗೆ ಒಪ್ಪಿಸುವಾಗಲೇ, "ನವೆಂಬರಿನಲ್ಲಿ ನಿಮ್ಮ ಹುಡುಗಿ ನಿಮಗೇ ಪ್ರಶ್ನೆ ಕೇಳ್ತಾಳ್ರೀ, ಬೇಸರ ಮಾಡ್ಕೋಬ್ಯಾಡ್ರಿ" ಅಂತ ಹೇಳಿಡಿ.

ಸಭೆ ಮುಗಿದ ಮೇಲೆ ಮಕ್ಕಳ ಪ್ರಶ್ನೆಗಳೂ ನಡಾವಳಿಗೆ ಏರಿವೆಯಾ ಅಂತ ನೋಡಿ, ಒಂದು ಪ್ರತಿ ಕೇಳಿ ತನ್ನಿ.

ಓದು, ಗುಳೆ, ಮದುವೆ

ಊರ ಕೆಲಸದ ಮಾತಾಡುತ್ತಾ ಆಡುತ್ತಾ ಮಕ್ಕಳು ಮನೆಯ ಮಾತನ್ನೂ ಆಡುತ್ತಾರೆ. ದೀಪಾವಳಿ ಮುಗಿದರೆ ನಮ್ಮ ಕಡೆ ಗುಳೆ ಶುರು. ಅಪ್ಪ ಅವ್ವ ಬೆಂಗಳೂರು, ಮಂಗಳೂರು, ಗೋವಾ ಕಡೆ ದುಡಿಯಲು ಹೋಗುತ್ತಾರೆ. ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲಾ ಅವರ ಜೊತೆಗೇ ಹೋಗಿಬಿಡುತ್ತದೆ. ಜೋಡಿಯ ಹಿರಿಯರಿಗೆ ಇದು ನಮಗಿಂತ ಮೊದಲು ಗೊತ್ತಾಗುತ್ತದೆ. ಆ ಮನೆಯಲ್ಲಿ ಉದ್ಯೋಗ ಖಾತ್ರಿಯ ಕಾರ್ಡ್ ಇದೆಯಾ, ಮಗುವಿಗೆ ಹಾಸ್ಟೆಲ್ ಸಿಗುತ್ತದಾ ಅಂತ ಆಗಲೇ ವಿಚಾರಿಸಿದರೆ ಮಗು ಊರಲ್ಲಿ ಉಳಿಯುವ ದಾರಿ ಇರುತ್ತದೆ.

ಮದುವೆ ಮಾತು ಬಂದರೆ ಕಾಯುತ್ತಾ ಕೂರುವುದು ಬೇಡ. ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡುವುದು 2006ರ ಕಾಯ್ದೆ ಪ್ರಕಾರ ಬಾಲ್ಯವಿವಾಹ. ಹಿರಿಯರು ಒಬ್ಬರೇ ಪಂಚಾಯ್ತಿಕೆ ಮಾಡಲು ಹೋಗದೆ ಶಾಲೆಗೆ ತಿಳಿಸಬೇಕು. ನಾವು 1098ಕ್ಕೆ ಹೇಳಬೇಕು. ಆದರೂ ಕರೆ ಮಾಡಿದ ಮರುದಿನ ಆ ಮನೆಯ ಕಟ್ಟೆ ಮೇಲೆ ಕೂತು "ಯಣ್ಣಾ, ಹುಡುಗಿ ಚಲೋ ಓದ್ತಾಳ, ಹತ್ತನೇತ್ತ ಮುಗೀಲಿ, ಪಿಯುಸಿ ಮುಗೀಲಿ" ಅಂತ ಮೆಂಬರ್ ಅಕ್ಕ ಹೇಳಿದರೆ ಆಗುವ ಕೆಲಸ ನಮ್ಮ ಕಾಗದದಿಂದ ಆಗುವುದಿಲ್ಲ.

ಜೋಡಿ ಹೊಂದದಿದ್ದರೆ

ಎರಡು ಭೇಟಿ ತಪ್ಪಿದರೆ ನೀವೇ ಫೋನ್ ಮಾಡಿ. ಮೂರನೆಯದೂ ತಪ್ಪಿದರೆ ಮಕ್ಕಳನ್ನು ಬೇರೆ ಹಿರಿಯರ ಜೊತೆ ಸೇರಿಸಿ. ಬದಲಾಯಿಸಿದ್ದಕ್ಕೆ ಕಾರಣವನ್ನು ಮಕ್ಕಳಿಗೆ ಇದ್ದದ್ದು ಇದ್ದಂತೆ ಹೇಳಿ, ಇಲ್ಲದಿದ್ದರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಬಿತ್ತನೆ, ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಹಿರಿಯರೂ ಹೊಲದಲ್ಲಿ, ಮಕ್ಕಳೂ ಹೊಲದಲ್ಲಿ. ಆಗ ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವರ್ಷ ಮುಗಿಯುವಾಗ

ಫೆಬ್ರವರಿಯಲ್ಲಿ ಎಲ್ಲಾ ಜೋಡಿಗಳನ್ನೂ ಶಾಲೆಗೆ ಕರೆಯಿರಿ. ಮಿರ್ಚಿ, ಮಂಡಕ್ಕಿ, ಚಹಾ ಸಾಕು. ಹಾರ, ಶಾಲು ಬೇಡ. ಪ್ರತಿ ಜೋಡಿಯೂ ನೋಟ್‌ಬುಕ್ಕಿನಿಂದ ಎರಡು ಸಂಗತಿ ಓದಲಿ: ಆದದ್ದೊಂದು, ಆಗದೇ ಇದ್ದದ್ದೊಂದು. ಹಿರಿಯರೂ ತಾವು ಕಲಿತದ್ದನ್ನು ಹೇಳಲಿ. ಹತ್ತನೇ ತರಗತಿಗೆ ಹೋದ ಮೇಲೆ ಭೇಟಿಯ ಕಟ್ಟುಪಾಡು ಇರುವುದಿಲ್ಲ ಅಂತ ಮಕ್ಕಳಿಗೂ ಹಿರಿಯರಿಗೂ ಅವತ್ತೇ ತಿಳಿಸಿ. ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಓದಿನ ಒತ್ತಡವೇ ಸಾಕಷ್ಟಿರುತ್ತದೆ. ಮಾತಾಡಬೇಕು ಅನ್ನಿಸಿದರೆ ಶಾಲೆಯ ಮೂಲಕ ಬರಲಿ.

ನೋಟ್‌ಬುಕ್ಕುಗಳನ್ನು ಮನೆಗೆ ಕಳಿಸಬೇಡಿ. ವಾರ್ಡಿನ ಪ್ರಕಾರ ಜೋಡಿಸಿ ಶಾಲೆಯ ಕಪಾಟಿನಲ್ಲಿ ಇಡಿ. ಇಡುವ ಮೊದಲು ಮನೆಯ ಮಾತು ಬರೆದ ಪುಟಗಳಿದ್ದರೆ ತೆಗೆದು ಆ ಮಗುವಿಗೇ ಕೊಡಿ. ಜುಲೈಯಲ್ಲಿ ಹೊಸ ಒಂಬತ್ತನೆಯವರ ಜೋಡಿ ಆದಾಗ ಅದೇ ವಾರ್ಡಿನ ಹಳೇ ನೋಟ್‌ಬುಕ್ ಅವರ ಕೈಗೆ ಕೊಡಿ. ಅದರಲ್ಲಿ ಉತ್ತರ ಬರದೇ ಉಳಿದ ಅರ್ಜಿಗಳಿಗೆ ಕೆಂಪು ಪೆನ್ನಿನಿಂದ ಗುರುತು ಹಾಕಿಸಿ. ಹೊಸ ಜೋಡಿಯ ಎರಡನೇ ಭೇಟಿ ಆ ಗುರುತುಗಳನ್ನು ಹಿಡಿದುಕೊಂಡು ಪಂಚಾಯ್ತಿ ಆಫೀಸಿನಲ್ಲಿ ನಡೆಯಲಿ.